ಆರು ವರ್ಷ ಯಾರೂ ಕೈಯಾಡಿಸದ ಹಿತ್ತಲು: ಈ ಚಳಿಯಲ್ಲಿ ಯಾವ ಗಿಡವನ್ನು ಎಷ್ಟು ಸವರಬಹುದು?

ಹಿತ್ತಲಗಿಡ, ಮೈಸೂರು (ಡಿಸೆಂಬರ್ 18)

ಎಲ್ಲರಿಗೂ ನಮಸ್ಕಾರ. ಆರು ವರ್ಷ ಬೀಗ ಹಾಕಿದ್ದ ನಮ್ಮ ಅತ್ತೆಯವರ ಮನೆಗೆ ಕಳೆದ ತಿಂಗಳು ವಾಸಕ್ಕೆ ಬಂದಿದ್ದೇವೆ. ಒಳಗೆ ಸುಣ್ಣಬಣ್ಣ ಮಾಡಿಸಿದ್ದಾಯಿತು, ಆದರೆ ಹಿತ್ತಲಿಗೆ ಕೈ ಹಾಕುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ. ಅಡುಗೆಮನೆಯ ಕಿಟಕಿಗೆ ಒತ್ತಿಕೊಂಡು 12 ಅಡಿ ಬೆಳೆದ ದಾಸವಾಳದಿಂದ ಹಗಲಿನಲ್ಲೂ ದೀಪ ಹಾಕಿ ಅಡುಗೆ ಮಾಡುವ ಸ್ಥಿತಿಯಿದೆ. ದುಂಡುಮಲ್ಲಿಗೆ ಬಟ್ಟೆ ಒಣಹಾಕುವ ತಂತಿಯನ್ನೇ ಹಂಬಾಗಿ ಸುತ್ತಿಕೊಂಡಿದೆ. ಇವಲ್ಲದೆ ಒಂದು ನಂದಿಬಟ್ಟಲು, ಕಾಂಪೌಂಡಿನ ಉದ್ದಕ್ಕೂ ಕಣಗಿಲೆ, ಗೇಟಿನ ಮೇಲೆ ಕಾಗದದ ಹೂವಿನ ಬಳ್ಳಿ, ಮೂಲೆಯಲ್ಲಿ ಒಂದು ಪಾರಿಜಾತ, ಮುಂದುಗಡೆ ಎರಡು ಥೂಜಾ (ಅಲಂಕಾರದ ನಿತ್ಯಹಸಿರು) ಗಿಡಗಳಿವೆ.

ಗಿಡ ಕಡಿಯುವವರೊಬ್ಬರು ಬಂದು ನೋಡಿ, ಎಲ್ಲವನ್ನೂ ಮೊಣಕಾಲೆತ್ತರಕ್ಕೆ ಕಡಿದು ಸೊಪ್ಪು ಸಾಗಿಸಲು ಒಂದೇ ದಿನ ಸಾಕೆಂದು ಹೇಳಿ ಹೋಗಿದ್ದಾರೆ. ನಾನು ನೋಡಿದ ವಿಡಿಯೋಗಳೆಲ್ಲವೂ ಹೊರದೇಶದವು; ಚಳಿಗಾಲದಲ್ಲಿ ಗಿಡ ನಿದ್ರಿಸುವುದರಿಂದ ಆಗಲೇ ಕತ್ತರಿಸಬೇಕೆಂದು ಅವುಗಳಲ್ಲಿ ಹೇಳುತ್ತಾರೆ. ನಮ್ಮ ಊರಿನ ಚಳಿಗೂ ಆ ಮಾತು ಅನ್ವಯಿಸುತ್ತದೆಯೇ? ಇನ್ನೊಂದು ತೊಡಕೂ ಇದೆ. ಧನುರ್ಮಾಸ ಶುರುವಾಗಿರುವುದರಿಂದ ಬೆಳಗಿನ ಜಾವದ ಪೂಜೆಗೆ ಅತ್ತೆಯವರಿಗೆ ಪ್ರತಿದಿನ ದಾಸವಾಳ ಮತ್ತು ನಂದಿಬಟ್ಟಲು ಬೇಕೇಬೇಕು.

ಹಳೆಯ ಮಾಲಿ, ಬೆಂಗಳೂರು (ಡಿಸೆಂಬರ್ 18)

ಮೊದಲು ಆ ಒಂದು ದಿನದ ಕೆಲಸವನ್ನು ನಿಲ್ಲಿಸಿ. ನಾನು ಮೂವತ್ತು ವರ್ಷಗಳಿಂದ ಇದೇ ವೃತ್ತಿಯಲ್ಲಿದ್ದೇನೆ. ಮೊಣಕಾಲೆತ್ತರಕ್ಕೆ ಕಡಿಸಿಕೊಂಡ ಹಿತ್ತಲುಗಳನ್ನು ಸರಿಪಡಿಸುವುದಕ್ಕೆ ನನಗೆ ಬಂದಷ್ಟು ಕರೆಗಳು, ಕಾಡಾಗಿ ಬೆಳೆದ ಹಿತ್ತಲುಗಳಿಗಾಗಿ ಬಂದಿಲ್ಲ.

ನಿದ್ರೆಯ ವಿಚಾರಕ್ಕೆ ಬರುತ್ತೇನೆ. ಹಿಮ ಬೀಳುವ ದೇಶಗಳಲ್ಲಿ ಎಲೆ ಉದುರಿಸಿದ ಗಿಡವು ತನ್ನ ಪಿಷ್ಟವನ್ನು ಬೇರು ಮತ್ತು ಕಾಂಡಗಳಲ್ಲಿ ಕೂಡಿಟ್ಟುಕೊಂಡು ನಿಜವಾಗಿಯೂ ವಿಶ್ರಮಿಸುತ್ತದೆ. ಮೈಸೂರು, ಬೆಂಗಳೂರುಗಳಲ್ಲಿ ಜನವರಿಯ ಮುಂಜಾವಿನಲ್ಲೂ ಸರಾಸರಿ 15-16 ಡಿಗ್ರಿ ಇರುವುದರಿಂದ ದಾಸವಾಳವಾಗಲಿ ನಂದಿಬಟ್ಟಲಾಗಲಿ ನಿದ್ರೆಗೆ ಹೋಗುವುದಿಲ್ಲ, ಬೆಳವಣಿಗೆಯನ್ನು ನಿಧಾನ ಮಾಡುತ್ತವೆ ಅಷ್ಟೆ. ನಮ್ಮಲ್ಲಿ ಗಿಡಕ್ಕೆ ಚಳಿಗಿಂತ ಹೆಚ್ಚು ಕಷ್ಟ ಕೊಡುವುದು ಆ ಚಳಿಯ ಹಿಂದೆಯೇ ಬರುವ ಒಣಹವೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಳೆಯನ್ನು ನೆಚ್ಚುವಂತಿಲ್ಲ. ವರ್ಷಗಟ್ಟಲೆ ನೆರಳಿನಲ್ಲಿದ್ದ ಒಳಕೊಂಬೆಗಳ ಎಳೆತೊಗಟೆ ಒಮ್ಮೆಲೇ ಬಿಸಿಲಿಗೆ ತೆರೆದುಕೊಂಡರೆ ಮಾರ್ಚ್ ತಿಂಗಳಲ್ಲಿ ಸುಟ್ಟು ಸೀಳುತ್ತದೆ. ಆದ್ದರಿಂದ ಸವರಬೇಕಾದ ಸಮಯವನ್ನು ಕ್ಯಾಲೆಂಡರಿನಲ್ಲಿ ಹುಡುಕುವ ಮೊದಲು ಗಿಡದ ಮುಂದೆ ನಿಂತು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಹೂ ಬಿಡುವುದು ಹೊಸ ಚಿಗುರಿನಲ್ಲೋ, ಕಳೆದ ವರ್ಷ ಬಲಿತ ಕೊಂಬೆಯಲ್ಲೋ?

ನಿಮ್ಮ ಪಟ್ಟಿಯಲ್ಲಿರುವ ಹೂಗಿಡಗಳೆಲ್ಲವೂ ಹೊಸ ಚಿಗುರಿನಲ್ಲಿ ಹೂ ಬಿಡುವಂಥವು. ಹಾಗಾಗಿ ಸವರಿದರೆ ಹೂ ಕಡಮೆಯಾದೀತೆಂಬ ಭಯ ಬೇಡ. ದುಂಡುಮಲ್ಲಿಗೆ ಮಾತ್ರ ಕಾಯುವುದಿಲ್ಲ. ಹೂವಿನ ಬೆಳೆಗಾರರು ಅದನ್ನು ನವೆಂಬರ್ ಕೊನೆಯ ವಾರದ ಹೊತ್ತಿಗೇ ನೆಲದಿಂದ ಸುಮಾರು 50 ಸೆಂಟಿಮೀಟರ್ ಎತ್ತರಕ್ಕೆ ಸವರಿ, ಉಳಿದ ಎಲೆಗಳನ್ನೂ ತೆಗೆದು, ಬುಡಕ್ಕೆ ಗೊಬ್ಬರ ಕೊಟ್ಟು, ಬೇಸಿಗೆಯ ಮೊಗ್ಗಿಗೆ ಅಣಿಮಾಡುತ್ತಾರೆ. ನಿಮಗೆ ಮೂರು ವಾರ ತಡವಾಗಿದೆ, ಆದರೂ ಈ ವಾರವೇ ಮಾಡಿದರೆ ಕೆಡುಕಿಲ್ಲ. ತಂತಿಗೆ ಸುತ್ತಿದ ಹಂಬನ್ನು ಎಳೆಯಲು ಹೋಗದೆ ತುಂಡುತುಂಡಾಗಿ ಕತ್ತರಿಸಿ ಬಿಡಿಸಿ. ಎಳೆದರೆ ಬುಡದಲ್ಲಿ ಬೇರೊಡೆದ ಕೊಂಬೆಗಳೂ ಕಿತ್ತುಕೊಂಡು ಬರುತ್ತವೆ.

ದಾಸವಾಳ ಮತ್ತು ನಂದಿಬಟ್ಟಲನ್ನು ಸಂಕ್ರಾಂತಿಯವರೆಗೆ ಪೂಜೆಗೇ ಬಿಟ್ಟುಬಿಡಿ. ಅತ್ತೆಯವರ ಅಗತ್ಯವೂ ಗಿಡದ ಅಗತ್ಯವೂ ಇಲ್ಲಿ ಒಂದೇ ಆಗಿರುವುದು ನಿಮ್ಮ ಅದೃಷ್ಟ. ಜನವರಿ ಕೊನೆಯಿಂದ ಹಗಲು ಬೆಳೆದು ಗಿಡ ತಾನಾಗಿಯೇ ಚಿಗುರಲು ಹೊರಡುತ್ತದೆ, ಆಗ ಕೊಟ್ಟ ಗಾಯ ಬೇಗ ಮುಚ್ಚುತ್ತದೆ. ಪಾರಿಜಾತವೂ ಅಲ್ಲಿಯವರೆಗೆ ಕಾಯಲಿ. ಹೂ ಮುಗಿದು ಎಲೆ ಒರಟಾಗಿ ಉದುರತೊಡಗಿದ ಮೇಲೆ ಅದನ್ನು ತಗ್ಗಿಸಬಹುದು. ಕಾಗದದ ಹೂವನ್ನು ಈಗ ಮುಟ್ಟಲೇಬೇಡಿ. ಒಣಹವೆ ಬಂದಂತೆ ಅದು ಮೈತುಂಬ ಹೂವಾಗುವ ಬಳ್ಳಿ, ಈಗ ಕತ್ತರಿಸಿದರೆ ಆ ಹೂವನ್ನೇ ಕತ್ತರಿಸಿದಂತಾಗುತ್ತದೆ. ಗೇಟು ತೆಗೆಯಲು ಅಡ್ಡಬರುವ ಎರಡು ಮೂರು ಕೊಂಬೆಗಳನ್ನು ತೆಗೆದು ಉಳಿದದ್ದನ್ನು ಮೇ ತಿಂಗಳಿಗೆ ಬಿಡಿ.

ಥೂಜಾದ ವಿಷಯದಲ್ಲಿ ಒಂದು ಎಚ್ಚರಿಕೆ. ಮೇಲಿನ ಯಾವ ಮಾತೂ ಅದಕ್ಕೆ ಸಲ್ಲುವುದಿಲ್ಲ. ಎಲೆಯಿಲ್ಲದ ಕಂದು ಕೊಂಬೆಯವರೆಗೆ ಅದನ್ನು ಕತ್ತರಿಸಿದರೆ ಅಲ್ಲಿ ಮತ್ತೆಂದೂ ಹಸಿರು ಮೂಡುವುದಿಲ್ಲ. ಹಸಿರಿನ ಅಂಚನ್ನು ಮಾತ್ರ ತೆಳುವಾಗಿ ಟ್ರಿಮ್ ಮಾಡಿ. ಜಾಗಕ್ಕೆ ಅದು ಮಿತಿಮೀರಿ ಬೆಳೆದಿದ್ದರೆ ಬೇರುಸಹಿತ ತೆಗೆದು ಬೇರೆ ಗಿಡ ನೆಡುವುದೇ ಪ್ರಾಮಾಣಿಕವಾದ ಉಪಾಯ.

ದ್ರಾಕ್ಷಿ ಚಪ್ಪರ, ವಿಜಯಪುರ (ಡಿಸೆಂಬರ್ 19)

ಹಳೆಯ ಮಾಲಿಯವರ ಪ್ರಶ್ನೆಗೆ ನಮ್ಮ ಕಡೆಯ ಒಂದು ಉದಾಹರಣೆ ಸೇರಿಸುತ್ತೇನೆ. ದ್ರಾಕ್ಷಿಗೆ ನಾವು ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಸವರುವ ಕೆಲಸ, ಮಾಡುತ್ತೇವೆ. ಏಪ್ರಿಲ್ ಚಾಟ್ನಿ ಕಡ್ಡಿ ಕಟ್ಟುವುದಕ್ಕೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಬಳ್ಳಿಯೂ ಅದೇ, ಕತ್ತರಿಯೂ ಅದೇ, ಆದರೆ ಏಪ್ರಿಲ್‌ನಲ್ಲಿ ಒಂದೆರಡು ಕಣ್ಣು (ಚಿಗುರೊಡೆಯುವ ಮೊಗ್ಗು) ಬಿಟ್ಟು ಗಿಡ್ಡಗೆ ಕತ್ತರಿಸುವವರು ಅಕ್ಟೋಬರಿನಲ್ಲಿ ಕಡ್ಡಿಯ ಯಾವ ಕಣ್ಣಿನಲ್ಲಿ ಗೊನೆ ಇದೆಯೆಂದು ನೋಡಿ ಅದರ ಮೇಲಕ್ಕೆ ಕತ್ತರಿಸುತ್ತೇವೆ. ಡಿಸೆಂಬರಿನ ಚಳಿಯಲ್ಲಿ ಯಾರೂ ಕತ್ತರಿ ಹಿಡಿಯುವುದಿಲ್ಲ. ಆ ಹೊತ್ತಿಗೆ ಕಾಯಿ ಗೊನೆಯಲ್ಲಿರುತ್ತದೆ.

ಕಾಫಿಗಿಡ, ಮೂಡಿಗೆರೆ (ಡಿಸೆಂಬರ್ 19)

ಯಾವಾಗ ಎಂಬುದರ ಚರ್ಚೆ ಆಯಿತು. ಹೇಗೆ ಎಂಬುದರ ಬಗ್ಗೆ ತೋಟದಲ್ಲಿ ಕಲಿತದ್ದನ್ನು ಬರೆಯುತ್ತೇನೆ, ಏಕೆಂದರೆ ಹನ್ನೆರಡು ಅಡಿಯ ದಾಸವಾಳಕ್ಕೂ ಕೈಬಿಟ್ಟ ಅರೇಬಿಕಾ ಗಿಡಕ್ಕೂ ಇರುವ ರೋಗ ಒಂದೇ.

ಆ ದಾಸವಾಳದೊಳಗೆ ಒಮ್ಮೆ ಮೊಣಕೈವರೆಗೆ ಕೈ ತೂರಿಸಿ ನೋಡಿ. ಹೊರಗಿನಿಂದ ಹಸಿರು ಗೋಡೆಯಂತೆ ಕಾಣುವ ಗಿಡದಲ್ಲಿ ಎಲೆ ಇರುವುದು ಹೊರಮೈಯ ಒಂದು ಗೇಣಿನಷ್ಟು ಮಾತ್ರ. ಅದರ ಒಳಗೆ ಬೆಳಕು ಕಾಣದೆ ಸತ್ತ ಕಡ್ಡಿಗಳು, ಒಂದನ್ನೊಂದು ಉಜ್ಜಿ ತೊಗಟೆ ಸುಲಿದ ಕೊಂಬೆಗಳು, ಕವಲುಗಳ ಸಂದಿಯಲ್ಲಿ ಹತ್ತಿಯಂತೆ ಅಂಟಿದ ಹಿಟ್ಟುತಿಗಣೆ, ಅದರ ಸಿಹಿಗೆ ಸಾಲುಗಟ್ಟಿದ ಇರುವೆ. ದೊಡ್ಡ ಕತ್ತರಿಯಿಂದ ಹೊರಮೈಯನ್ನು ಮಟ್ಟಸವಾಗಿ ಬೋಳಿಸಿದರೆ ಈ ಗೋಡೆ ಇನ್ನಷ್ಟು ದಟ್ಟವಾಗುತ್ತದೆಯೇ ಹೊರತು ಗಿಡ ಚಿಕ್ಕದಾಗುವುದಿಲ್ಲ. ತುದಿಯ ಮೊಗ್ಗು ಇರುವವರೆಗೆ ಕೆಳಗಿನ ಮೊಗ್ಗುಗಳನ್ನು ಅದು ತಡೆದಿಟ್ಟಿರುತ್ತದೆ. ತುದಿ ಹೋದ ಕೂಡಲೇ ಕತ್ತರಿಸಿದ ಜಾಗದ ಕೆಳಗಿನ ಮೂರು ನಾಲ್ಕು ಮೊಗ್ಗುಗಳು ಒಟ್ಟಿಗೇ ಒಡೆದು, ಒಂದಿದ್ದ ಕೊಂಬೆ ನಾಲ್ಕಾಗುತ್ತದೆ.

ಆದ್ದರಿಂದ ಕೆಲಸ ಒಳಗಿನಿಂದ ಆರಂಭವಾಗಲಿ. ಮೊದಲು ಸತ್ತದ್ದು, ಆಮೇಲೆ ರೋಗ ಹಿಡಿದದ್ದು, ಆಮೇಲೆ ಒಂದರ ಮೇಲೊಂದು ಹಾಯ್ದದ್ದು. ಇವಿಷ್ಟು ಹೋದ ಮೇಲೆ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದರೆ ಅರ್ಧ ಕೆಲಸ ಮುಗಿದಂತೆ ಕಾಣುತ್ತದೆ. ಅನಂತರ ಬುಡದಿಂದ ಎದ್ದ ಕಾಂಡಗಳಲ್ಲಿ ಅತ್ಯಂತ ಹಳೆಯವನ್ನು, ಒಟ್ಟಿನಲ್ಲಿ ಮೂರರಲ್ಲೊಂದು ಪಾಲಿಗೆ ಮೀರದಂತೆ, ನೆಲಮಟ್ಟಕ್ಕೆ ತೆಗೆಯಿರಿ. ಮುಂದಿನ ವರ್ಷ ಇನ್ನೊಂದು ಪಾಲು, ಅದರ ಮುಂದಿನ ವರ್ಷ ಕೊನೆಯದು. ಮೂರು ವರ್ಷದಲ್ಲಿ ಗಿಡ ಪೂರ್ತಿ ಹೊಸದಾಗಿರುತ್ತದೆ, ಪೂಜೆಗೆ ಒಂದು ವರ್ಷವೂ ಹೂ ತಪ್ಪಿರುವುದಿಲ್ಲ. ಸವರಿದ ಮೇಲೆ ನೆಟ್ಟಗೆ ಆಕಾಶಕ್ಕೆ ಏಳುವ ಚಿಗುರುಗಳನ್ನು ನಾವು ಕಂಬಚಿಗುರು ಎನ್ನುತ್ತೇವೆ. ಅವುಗಳಲ್ಲಿ ಬೇಕಾದ ಒಂದೆರಡನ್ನು ಉಳಿಸಿ, ಮಿಕ್ಕವನ್ನು ಎಳೆಯವಾಗಿರುವಾಗಲೇ ಕೈಯಲ್ಲಿ ಮುರಿದು ಹಾಕಬೇಕು. ಆ ಕೆಲಸ ಬಿಟ್ಟರೆ ಸವರಿದ್ದು ವ್ಯರ್ಥ.

ಗಿಡವನ್ನು ಒಮ್ಮೆಲೇ ಮೊಂಡು ಮಾಡುವ ಪದ್ಧತಿ ನಮ್ಮಲ್ಲೂ ಇದೆ ಎಂಬುದನ್ನು ಮರೆಮಾಚುವುದಿಲ್ಲ. ಮುದಿಯಾದ ಕಾಫಿ ಗಿಡವನ್ನು ಒಂದಡಿ ಎತ್ತರಕ್ಕೆ ಕಡಿದು ಮತ್ತೆ ಎಬ್ಬಿಸುತ್ತೇವೆ. ಆದರೆ ಕಾಫಿ ಹೂ ಕಟ್ಟುವುದು ಕಳೆದ ವರ್ಷ ಬೆಳೆದ ರೆಕ್ಕೆಗಳಲ್ಲಿ (ಅಡ್ಡಕೊಂಬೆಗಳಲ್ಲಿ) ಆದ್ದರಿಂದ ಹಾಗೆ ಕಡಿದ ಗಿಡದ ಮುಂದಿನ ಫಸಲುಗಳನ್ನು ಲೆಕ್ಕದಿಂದ ಬಿಟ್ಟೇ ಕಡಿಯುತ್ತೇವೆ. ಮೇಲೆ ಮರದ ನೆರಳೂ ಇರುತ್ತದೆ. ಬಯಲಿನಲ್ಲಿರುವ ಹಿತ್ತಲಿಗೆ ಆ ನೆರಳಿಲ್ಲ.

ಕೊನೆಯದಾಗಿ, ಹೆಬ್ಬೆರಳಿಗಿಂತ ದಪ್ಪದ ಪ್ರತಿ ಗಾಯಕ್ಕೂ ಬೋರ್ಡೋ ಪೇಸ್ಟ್ ಹಚ್ಚುವುದನ್ನು ಮರೆಯಬೇಡಿ. ಮೈಲುತುತ್ತ (ತಾಮ್ರದ ಸಲ್ಫೇಟ್) 100 ಗ್ರಾಂ, ಸುಣ್ಣ 100 ಗ್ರಾಂ, ನೀರು 1 ಲೀಟರ್. ಎರಡನ್ನೂ ಅರ್ಧರ್ಧ ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬೆರೆಸಬೇಕು. ಕಬ್ಬಿಣದ ಪಾತ್ರೆ ಕೂಡದು. ಬೆರೆಸಿದ ಮೇಲೆ ಉಜ್ಜಿದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತಾಮ್ರ ಕೂತಿದ್ದರೆ ಸುಣ್ಣ ಸಾಲದೆಂದು ಅರ್ಥ.

ಸಸ್ಯಶಾಸ್ತ್ರದ ಮೇಷ್ಟ್ರು, ಧಾರವಾಡ (ಡಿಸೆಂಬರ್ 20)

ಮೂಡಿಗೆರೆಯವರು ಬರೆದದ್ದನ್ನು ಬಹುಪಾಲು ಒಪ್ಪುತ್ತೇನೆ, ಪೇಸ್ಟ್‌ನ ವಿಷಯವೊಂದನ್ನು ಬಿಟ್ಟು. ಗಿಡದ ಗಾಯ ನಮ್ಮ ಚರ್ಮದಂತೆ ವಾಸಿಯಾಗುವುದಿಲ್ಲ. ಕೊಳೆಯಬಹುದಾದ ಭಾಗದ ಸುತ್ತ ಗಿಡವು ಒಳಗಿನಿಂದ ಗೋಡೆ ಕಟ್ಟಿಕೊಂಡು ಅದನ್ನು ಪ್ರತ್ಯೇಕಿಸುತ್ತದೆ, ಹೊರಗಿನಿಂದ ಹೊಸ ಅಂಗಾಂಶ ಅಂಚು ಕಟ್ಟುತ್ತ ಬಂದು ಮುಚ್ಚುತ್ತದೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಸೀಳಿ ನೋಡಿ ಇದನ್ನು ತೋರಿಸಿಕೊಟ್ಟರು. ಗಾಯಕ್ಕೆ ಬಳಿಯುವ ಬಣ್ಣ, ಡಾಂಬರುಗಳಿಂದ ಕೊಳೆಯುವುದು ನಿಲ್ಲುವುದಿಲ್ಲವೆಂಬುದೂ ಅವರ ಕೆಲಸದಿಂದಲೇ ತಿಳಿಯಿತು.

ಏನು ಹಚ್ಚಿದೆವು ಎನ್ನುವುದಕ್ಕಿಂತ ಎಲ್ಲಿ ಕತ್ತರಿಸಿದೆವು ಎನ್ನುವುದು ಮುಖ್ಯ. ಕೊಂಬೆ ಕಾಂಡವನ್ನು ಸೇರುವಲ್ಲಿ ಬಳೆ ತೊಡಿಸಿದಂತೆ ಒಂದು ಉಬ್ಬು ಇರುತ್ತದೆ. ಗಾಯ ಮುಚ್ಚುವ ಶಕ್ತಿ ಇರುವುದು ಆ ಉಬ್ಬಿನಲ್ಲಿ. ಅದನ್ನು ಉಳಿಸಿ ಅದರ ಹೊರಗೆ ಕತ್ತರಿಸಬೇಕು. ಕಾಂಡಕ್ಕೆ ಸಮನಾಗಿ ಹೆರೆದು ಉಬ್ಬನ್ನೇ ತೆಗೆಯಬಾರದು, ಗೂಟದಂತೆ ನಾಲ್ಕು ಬೆರಳು ಉಳಿಸಲೂಬಾರದು. ಉಳಿದ ಗೂಟ ಒಣಗಿ, ಕೊಳೆತ ಅದರ ಮೂಲಕವೇ ಒಳಗಿಳಿಯುತ್ತದೆ.

ಪಾರಿಜಾತದ ದಪ್ಪ ಕೊಂಬೆಗೆ ಗರಗಸ ಹಾಕುವಾಗ ಮೂರು ಕೊಯ್ತದಲ್ಲಿ ಕೆಲಸ ಮುಗಿಸಿ. ಕಾಂಡದಿಂದ ಒಂದಡಿ ದೂರದಲ್ಲಿ ಕೊಂಬೆಯ ಅಡಿಯಿಂದ ಮೂರನೇ ಒಂದರಷ್ಟು ಕೊಯ್ಯಿರಿ, ಅದಕ್ಕಿಂತ ಎರಡು ಬೆರಳು ಹೊರಗೆ ಮೇಲಿನಿಂದ ಕೊಯ್ದು ಭಾರವನ್ನು ಬೀಳಿಸಿ, ಉಳಿದ ಮೋಟನ್ನು ಆ ಉಬ್ಬಿನ ಹೊರಗೆ ನಿಧಾನವಾಗಿ ತೆಗೆಯಿರಿ. ಅಡಿಯ ಕೊಯ್ತವಿಲ್ಲದಿದ್ದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಬುಡದವರೆಗೆ ಸುಲಿದುಕೊಂಡು ಹೋಗುತ್ತದೆ.

ಕಾಫಿಗಿಡ, ಮೂಡಿಗೆರೆ (ಡಿಸೆಂಬರ್ 20)

ಮೇಷ್ಟ್ರ ಮಾತಿಗೆ ಗೌರವವಿದೆ. ಆದರೆ ಡಾಂಬರನ್ನೂ ಬೋರ್ಡೋವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ವಿನಂತಿ. ಒಂದು ಬರಿಯ ಹೊದಿಕೆ, ಇನ್ನೊಂದು ಶಿಲೀಂಧ್ರನಾಶಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊಗಟೆ ಒಣಗದ ನಮ್ಮ ಊರಿನಲ್ಲಿ, ಅಡಕೆಯ ಕೊಳೆರೋಗಕ್ಕೆ ತಲೆಮಾರುಗಳಿಂದ ಬೋರ್ಡೋ ಹೊಡೆದು ಬದುಕಿದವರಿಗೆ, ಅದನ್ನು ಬಿಡಿ ಎಂದರೆ ಮನಸ್ಸು ಒಪ್ಪುವುದಿಲ್ಲ.

ಸಸ್ಯಶಾಸ್ತ್ರದ ಮೇಷ್ಟ್ರು, ಧಾರವಾಡ (ಡಿಸೆಂಬರ್ 20)

ಮಲೆನಾಡಿನ ಮಳೆಗಾಲಕ್ಕೆ ನಿಮ್ಮ ವಾದವನ್ನು ಒಪ್ಪಿದೆ. ಮೈಸೂರಿನ ಫೆಬ್ರವರಿಯ ಒಣಹವೆಯಲ್ಲಿ ಸವರಿದ ದಾಸವಾಳಕ್ಕೆ ಅದರ ಅಗತ್ಯವಿಲ್ಲವೆಂಬುದು ನನ್ನ ಅಭಿಪ್ರಾಯ. ಬಕೆಟ್ಟು ಹೊರುವ ಶ್ರಮವನ್ನು ಕತ್ತರಿ ಮಸೆಯುವುದಕ್ಕೆ ಬಳಸಿದರೆ ಗಿಡಕ್ಕೆ ಹೆಚ್ಚು ಲಾಭ. ಮೊಂಡು ಅಲಗು ಕತ್ತರಿಸುವುದಿಲ್ಲ, ಜಜ್ಜುತ್ತದೆ.

ಹಕ್ಕಿಗೂಡು, ಶಿರಸಿ (ಡಿಸೆಂಬರ್ 21)

ಎರಡು ವಿಷಯಗಳನ್ನು ಯಾರೂ ಹೇಳಲಿಲ್ಲ. ಕಣಗಿಲೆಯ ಎಲೆ, ಕೊಂಬೆ, ಹಾಲು, ಹೂವು ಎಲ್ಲವೂ ವಿಷ. ಕೈಗವಸು ಹಾಕಿ, ಹಾಲು ಕಣ್ಣಿಗೆ ಸಿಡಿಯದಂತೆ ಕತ್ತರಿಸಿ. ಸೊಪ್ಪನ್ನು ಬೀದಿಯ ದನಗಳಿಗೆ ಸಿಗುವಂತೆ ಹೊರಗೆಸೆಯಬೇಡಿ. ಒಣಗಿದ ಮೇಲೆಯೂ ಅದರ ವಿಷ ಹೋಗುವುದಿಲ್ಲ, ಬೆಂಕಿಗೆ ಹಾಕಿದರೆ ಹೊಗೆಯೂ ಕೆಟ್ಟದ್ದು. ಆ ಕಡ್ಡಿಯಲ್ಲಿ ಹಂಡೆ ಕಾಯಿಸುವ ಯೋಚನೆಯೇ ಬೇಡ.

ಇನ್ನು, ಆರು ವರ್ಷ ಮನುಷ್ಯರಿಲ್ಲದ ಹಿತ್ತಲಿನಲ್ಲಿ ಬೇರೆಯವರು ಸಂಸಾರ ಹೂಡಿರುತ್ತಾರೆ. ಕತ್ತರಿ ಹಾಕುವ ಮುನ್ನ ಹತ್ತು ನಿಮಿಷ ದೂರ ಕುಳಿತು ಯಾವ ಹಕ್ಕಿ ಎಲ್ಲಿಗೆ ಹೋಗಿ ಬರುತ್ತಿದೆಯೆಂದು ನೋಡಿ. ಸೂರಕ್ಕಿಯ ಗೂಡು ಕಸದ ಉಂಡೆ ನೇತುಬಿದ್ದಂತೆ ಇರುವುದರಿಂದ ಒಣಸೊಪ್ಪೆಂದು ತಿಳಿದು ಎಳೆದುಬಿಡುತ್ತಾರೆ. ಬುಡದ ಒಣ ಎಲೆಗಳನ್ನು ಕೈಯಿಂದ ಬಾಚದೆ ಉದ್ದದ ಕೋಲಿನಿಂದ ಸರಿಸಿ. ಕಾರಣವನ್ನು ಬೇರೆ ಹೇಳಬೇಕಾಗಿಲ್ಲ.

ಹಿಮದೂರು, ನ್ಯೂಜೆರ್ಸಿ (ಡಿಸೆಂಬರ್ 22)

ಪ್ರಶ್ನೆ ಕೇಳಿದವರು ನೋಡಿದ ವಿಡಿಯೋಗಳು ನಮ್ಮ ಕಡೆಯವೇ ಇರಬೇಕು. ಇಲ್ಲಿದ್ದರೂ ಆ ಮಾತನ್ನು ಅಕ್ಷರಶಃ ನಂಬಿ ಪೆಟ್ಟು ತಿಂದವಳು ನಾನು. ಮನೆ ಕೊಂಡ ಮೊದಲ ವರ್ಷ, ಅಂಗಳದಲ್ಲಿ ಒಣಕಡ್ಡಿಯಂತೆ ನಿಂತಿದ್ದ ಹೈಡ್ರೇಂಜಿಯಾವನ್ನು ಡಿಸೆಂಬರಿನಲ್ಲಿ ಅಚ್ಚುಕಟ್ಟಾಗಿ ಮೊಂಡು ಮಾಡಿದೆ. ಮುಂದಿನ ಬೇಸಿಗೆಯಲ್ಲಿ ಸೊಂಪಾದ ಎಲೆ ಬಂತು, ಒಂದು ಹೂವೂ ಬರಲಿಲ್ಲ. ಮಡಿಕೇರಿಯ ಮನೆಗಳ ಮುಂದೆ ಕಾಣುವ ನೀಲಿ ಹೂಗೊಂಚಲಿನ ಜಾತಿಯೇ ಅದು. ಹಿಂದಿನ ಬೇಸಿಗೆ ಮುಗಿಯುವಾಗಲೇ ಹಳೆಯ ಕಡ್ಡಿಯ ಮೇಲೆ ಮೊಗ್ಗು ಕಟ್ಟಿಟ್ಟುಕೊಂಡಿರುತ್ತದೆ, ಆ ಮೊಗ್ಗುಗಳನ್ನೇ ನಾನು ಕಸದ ಚೀಲಕ್ಕೆ ತುಂಬಿದ್ದೆ. ಶಂಕುವಿನಾಕಾರದ ಬಿಳಿ ಹೂವಿನ ಇನ್ನೊಂದು ಹೈಡ್ರೇಂಜಿಯಾ ಹೊಸ ಚಿಗುರಿನಲ್ಲಿ ಅರಳುತ್ತದೆ, ಅದನ್ನು ಚಳಿಗಾಲದ ಕೊನೆಯಲ್ಲಿ ಧೈರ್ಯವಾಗಿ ಸವರಬಹುದು.

ಚಳಿಗಾಲ ಎಂದರೆ ಇಲ್ಲಿಯೂ ಚಳಿಗಾಲದ ಕೊನೆ ಎಂದೇ ಅರ್ಥ. ಡಿಸೆಂಬರಿನಲ್ಲಿ ಮಾಡಿದ ಗಾಯ ಮೂರು ತಿಂಗಳು ಹಿಮಗಾಳಿಗೆ ತೆರೆದಿರುತ್ತದೆ. ಫೋರ್ಸಿಥಿಯಾ ಪೊದೆ ಹಳದಿ ಹೂ ಬಿಟ್ಟಾಗ ಗುಲಾಬಿಗೆ ಕತ್ತರಿ ಹಾಕು ಎಂದು ನೆರೆಮನೆಯ ಅಜ್ಜಿ ಹೇಳಿಕೊಟ್ಟಿದ್ದಾರೆ, ನಾನು ಅದನ್ನೇ ಪಾಲಿಸುತ್ತೇನೆ. ಆ ಫೋರ್ಸಿಥಿಯಾವನ್ನು ಮಾತ್ರ ಹೂ ಉದುರಿದ ಮೇಲೆಯೇ ಸವರಬೇಕು, ಏಕೆಂದರೆ ಅದೂ ಹಳೆಯ ಕಡ್ಡಿಯ ಹೂವು.

ಹಳೆಯ ಮಾಲಿ, ಬೆಂಗಳೂರು (ಡಿಸೆಂಬರ್ 22)

ಗುಲಾಬಿಯ ಮಾತು ಬಂದದ್ದರಿಂದ ನಮ್ಮ ಲೆಕ್ಕವನ್ನೂ ಸೇರಿಸುತ್ತೇನೆ. ಬೆಂಗಳೂರಿನಲ್ಲಿ ಮಳೆ ಹಿಂದೆಗೆಯುವ ಅಕ್ಟೋಬರಿನಲ್ಲಿ ಗುಲಾಬಿ ಸವರುವುದು ರೂಢಿ. ಸವರಿದ ಆರೇಳು ವಾರಕ್ಕೆ ಹೂ ಬರುತ್ತದೆ. ಲಾಲ್‌ಬಾಗಿನ ಗಣರಾಜ್ಯೋತ್ಸವದ ಪ್ರದರ್ಶನದ ಹೊತ್ತಿಗೆ ಮನೆಯ ಕುಂಡದಲ್ಲೂ ಹೂವಿರಲಿ ಎಂದು ಬಯಸುವವರು ಜನವರಿ 26ರಿಂದ ಹಿಂದಕ್ಕೆ ವಾರ ಎಣಿಸಿ ಕತ್ತರಿ ಹಿಡಿಯುತ್ತಾರೆ. ಹೊರಮುಖವಾದ ಕಣ್ಣಿನ ಅರ್ಧ ಸೆಂಟಿಮೀಟರ್ ಮೇಲೆ ಓರೆಯಾಗಿ ಕತ್ತರಿಸಬೇಕು. ಕಸಿಯ ಗಂಟಿನ ಕೆಳಗಿನಿಂದ ಬಂದ ಚಿಗುರು ಎಷ್ಟೇ ಹುಲುಸಾಗಿದ್ದರೂ ಬುಡಸಮೇತ ಕಿತ್ತು ಹಾಕಬೇಕು. ಅದು ಕಾಡುಗುಲಾಬಿ, ಬಿಟ್ಟರೆ ಕಸಿಯನ್ನೇ ನುಂಗುತ್ತದೆ.

ಹಿತ್ತಲಗಿಡ, ಮೈಸೂರು (ಮಾರ್ಚ್ 9)

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ನಡೆದದ್ದನ್ನು ವರದಿ ಮಾಡುವುದು ನನ್ನ ಕರ್ತವ್ಯ.

ಮಲ್ಲಿಗೆಯನ್ನು ಡಿಸೆಂಬರ್ 24ಕ್ಕೆ ಸವರಿದೆವು. ಬೋಳು ಕಡ್ಡಿಗಳನ್ನು ನೋಡಿ ಅತ್ತೆಯವರು ಎರಡು ದಿನ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಈಗ ಪ್ರತಿ ಗೆಣ್ಣಿನಲ್ಲೂ ಜೋಡಿ ಚಿಗುರು ಬಂದು, ತುದಿಗಳಲ್ಲಿ ಅಕ್ಕಿಕಾಳಿನಷ್ಟು ಮೊಗ್ಗು ಕಾಣಿಸಿಕೊಂಡಿದೆ.

ದಾಸವಾಳದ ಕೆಲಸ ಫೆಬ್ರವರಿ ಮೊದಲ ವಾರದಲ್ಲಾಯಿತು. ಮೂಡಿಗೆರೆಯವರು ಹೇಳಿದಂತೆ ಕೈ ತೂರಿಸಿ ನೋಡಿದಾಗ, ಒಳಗಿನ ಒಣಕಡ್ಡಿಗಳ ನಡುವೆ ಎಂದೋ ಗಾಳಿಗೆ ಹಾರಿಹೋಗಿದ್ದ ಅತ್ತೆಯವರ ಒಂದು ಟವೆಲ್ ಸಿಕ್ಕಿತು. ಹಿಟ್ಟುತಿಗಣೆ ಹಿಡಿದ ಕೊಂಬೆಗಳನ್ನು ಅಲ್ಲಿಯೇ ಚೀಲಕ್ಕೆ ತುಂಬಿ ಕಟ್ಟಿದೆವು, ಮುಂದಿನ ಗಿಡಕ್ಕೆ ಹೋಗುವ ಮುನ್ನ ಅಲಗನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆವು. ಬುಡದಲ್ಲಿ ಒಂಬತ್ತು ಕಾಂಡಗಳಿದ್ದವು, ಮೂರನ್ನು ತೆಗೆದೆವು. ನಾಲ್ಕನೆಯದನ್ನೂ ತೆಗೆಯುವ ಆಸೆಯಾಗಿತ್ತು, ತಡೆದುಕೊಂಡೆ. ಕಿಟಕಿಯಲ್ಲಿ ಈಗ ಮಧ್ಯಾಹ್ನ ಎರಡರವರೆಗೆ ಬೆಳಕಿದೆ. ವಾರಕ್ಕೆರಡು ಸಲ ಬುಡಕ್ಕೆ ನೀರು ಕೊಡುತ್ತಿದ್ದೇವೆ, ಸವರಿದ ಸೊಪ್ಪನ್ನೇ ಕತ್ತರಿಸಿ ಮುಚ್ಚಿಗೆ ಹಾಸಿದ್ದೇವೆ.

ತಪ್ಪೂ ಒಂದು ಆಗಿದೆ. ಪಾರಿಜಾತದ ಪಡುವಣ ದಿಕ್ಕಿನ ಕೊಂಬೆಯನ್ನು ಅಡಿಯ ಕೊಯ್ತವಿಲ್ಲದೆ ಮೇಲಿನಿಂದಲೇ ಕೊಯ್ದು, ಅಂಗೈಯಗಲದ ತೊಗಟೆ ಸುಲಿದುಹೋಯಿತು. ಆ ಗಾಯಕ್ಕೆ ಬೋರ್ಡೋ ಹಚ್ಚಲೇ, ಹಾಗೆಯೇ ಬಿಡಲೇ ಎಂದು ಇಬ್ಬರು ಹಿರಿಯರೂ ಹೇಳಬೇಕು.

ಸಸ್ಯಶಾಸ್ತ್ರದ ಮೇಷ್ಟ್ರು, ಧಾರವಾಡ (ಮಾರ್ಚ್ 9)

ಹರಿದ ತೊಗಟೆಯ ಜೋಲುವ ಅಂಚನ್ನು ಹರಿತವಾದ ಚಾಕುವಿನಿಂದ, ಅಂಟಿಕೊಂಡಿರುವ ಜಾಗದವರೆಗೆ ಮಾತ್ರ ಒಪ್ಪ ಮಾಡಿ ಹಾಗೆಯೇ ಬಿಡಿ. ಪಡುವಣ ಬಿಸಿಲು ನೇರವಾಗಿ ಬೀಳುವಂತಿದ್ದರೆ ಮಳೆ ಬರುವವರೆಗೆ ಒಂದು ಗೋಣಿತಾಟನ್ನು ಸಡಿಲವಾಗಿ ಕಟ್ಟಿ.

ಕಾಫಿಗಿಡ, ಮೂಡಿಗೆರೆ (ಮಾರ್ಚ್ 10)

ಗೋಣಿತಾಟಿಗೆ ನನ್ನ ತಕರಾರಿಲ್ಲ. ಮೇ ಕೊನೆಯಲ್ಲಿ ಅದನ್ನು ಬಿಚ್ಚಿದಾಗ, ಮೇಷ್ಟ್ರಿಗೆ ತಿಳಿಸದೆ ಒಂದು ಸಲ ಬೋರ್ಡೋ ಹಚ್ಚಿಬಿಡಿ.